ಪ್ರತಿಕ್ರಿಯೆ: ಏರ್‌ಗನ್ನಿನ ಹೊಸ ಸೀಲ್ ಬೇಗ ಸವೆಯುವುದಕ್ಕೆ

ಸ್ಪ್ರಿಂಗ್ ಏರ್‌ಗನ್ನಿಗೆ ಹೊಸ ಪಿಸ್ಟನ್ ಸೀಲ್ (ಪಿಸ್ಟನ್ನಿನ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಭಾಗ) ಹಾಕಿದರೂ ಬೇಗನೆ ಗೀರು ಬಿದ್ದು ಒತ್ತಡ ಇಳಿಯುತ್ತಿದೆ ಎಂದರೆ ದೋಷ ಹೆಚ್ಚಾಗಿ ಪಿಸ್ಟನ್ ಓಡಾಡುವ ಸಿಲಿಂಡರಿನದ್ದು. ಒಳಗಿನ ತುಕ್ಕೋ, ಕಾಕಿಂಗ್ ಸ್ಲಾಟಿನ (ಗನ್ ಎಳೆದು ಸಜ್ಜು ಮಾಡುವಾಗ ಸನ್ನೆ ಓಡಾಡುವ ಸೀಳು) ಚೂಪು ಅಂಚೋ ಎಂಬುದು ಬಿಚ್ಚಿದ ಮೇಲೇ ಗೊತ್ತಾಗುವುದು. ಕಾಸರಗೋಡಿನ ಉಪ್ಪುಗಾಳಿಯಲ್ಲಿ ಮಳೆಗಾಲವಿಡೀ ಮೂಲೆಯಲ್ಲಿದ್ದ ಗನ್ನಾದರೆ ನನ್ನ ಸಂಶಯ ತುಕ್ಕಿನ ಮೇಲೆ.

ಗುಂಡು ಇಲ್ಲವೆಂದು ನೋಡಿಕೊಳ್ಳಿ. ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ, ಕ್ಲ್ಯಾಂಪ್ ಇಲ್ಲದೆ ಬಿಚ್ಚಬೇಡಿ. ಮೊದಲು ಸ್ಲಾಟಿನ ಅಂಚನ್ನು ಸಣ್ಣ ಅರದಿಂದ ಉಜ್ಜಿ ಮೊಂಡು ಮಾಡಿ. ಆಮೇಲೆ ಬೋರಿಗೆ (ಸಿಲಿಂಡರಿನ ಒಳವ್ಯಾಸಕ್ಕೆ) ಹೊಂದುವ, 320ರಿಂದ 400 ಗ್ರಿಟ್‌ನ ಬಾಲ್ ಹೋನ್, ಅಂದರೆ ತುದಿಗಳಲ್ಲಿ ಉಜ್ಜುವ ಗುಂಡುಗಳಿರುವ ಬ್ರಷ್, ಡ್ರಿಲ್ಲಿಗೆ ಹಾಕಿ. (ಉದ್ದ ಉಜ್ಜುಗಲ್ಲುಗಳಿರುವ ಬ್ರೇಕ್ ಹೋನ್ ಬೇಡ, ಸ್ಲಾಟಿಗೆ ಸಿಕ್ಕಿಕೊಳ್ಳುತ್ತದೆ.) ತೆಳು ಎಣ್ಣೆ ಬಿಟ್ಟು, ಡ್ರಿಲ್ ನಿಧಾನ ತಿರುಗಿಸುತ್ತಾ, ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಆಡಿಸಿ, 15–20 ಸೆಕೆಂಡಿಗೊಮ್ಮೆ ಒರೆಸಿ ನೋಡಿ. ಓರೆಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟಿದರೆ ಸಾಕು, ಲೂಬ್ರಿಕೆಂಟ್ ನಿಲ್ಲುವುದು ಅವುಗಳಲ್ಲೇ. ಕನ್ನಡಿಯಷ್ಟು ನುಣುಪಾದರೆ ಅದು ನಿಲ್ಲದು, ಒರಟಾದರೆ ಸೀಲನ್ನೇ ತಿನ್ನುತ್ತದೆ. ಉಗುರಿಗೆ ತಾಗುವ ಗುಳಿ ಉಳಿದರೆ ಮತ್ತೆ ಮತ್ತೆ ಉಜ್ಜಬೇಡಿ, ಬೋರ್ ದೊಡ್ಡದಾಗಿ ಸೀಲ್ ಸಡಿಲವಾಗುತ್ತದೆ. ಸಿಲಿಂಡರ್ ಬದಲಿಸುವುದೇ ವಾಸಿ.

ಸಾಬೂನಿನ ಬಿಸಿನೀರಲ್ಲಿ ತೊಳೆದು, ಬಿಳಿ ಬಟ್ಟೆ ಕಪ್ಪಾಗದ ತನಕ ಒರೆಸಿ, ಕೂಡಲೇ ಒಣಗಿಸಿ. ಸೀಲಿನ ಬದಿಗೆ ಮಾಲಿಬ್ಡಿನಂ ಪೇಸ್ಟ್ (ಜಾರಿಕೆಗೆ ಹಚ್ಚುವ ಕಪ್ಪು ಲೂಬ್ರಿಕೆಂಟ್) ತೆಳ್ಳಗೆ ಹಚ್ಚಿ. ಸೀಲಿನ ಮುಂದಕ್ಕೆ ತೆಂಗಿನೆಣ್ಣೆಯಾಗಲಿ ಮೆಷಿನ್ ಎಣ್ಣೆಯಾಗಲಿ ಬೇಡ: ಒತ್ತಡದ ಬಿಸಿಗೆ ಹೊತ್ತಿಕೊಂಡು ಹೊಸ ಸೀಲೂ ಸುಡುತ್ತದೆ.