ಹಳೇ ಎಕ್ಸ್‌ಟಿ500: ಮೊದಲು ಏನು ಮಾಡಲಿ?

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. 1978ರ ಯಮಹಾ ಎಕ್ಸ್‌ಟಿ500 ಕೊಂಡಿದ್ದೇನೆ. ಹಳೇ ಬೈಕುಗಳ ಮೋಟೋಕ್ರಾಸ್‌ಗೆ (ಮಣ್ಣಿನ ಏರುತಗ್ಗಿನ ಹಾದಿಯ ರೇಸು) ಇಳಿಸುವಾಸೆ. ದೊಡ್ಡ ಪಿಸ್ಟನ್ ಹಾಕಿಸಲೇ?

ಉತ್ತರ: ಬೇಡ, ಈಗಲೇ ಬೇಡ. ಇದರ 499 ಸಿಸಿ, ಒಂದೇ ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಳೆತಕ್ಕೇನೂ ಕೊರತೆಯಿಲ್ಲ, ಬೈಕಿನ ಭಾರವೇ ಜಾಸ್ತಿ. ಸ್ವೀಡನ್ನಿನ ಮೋಟೋಕ್ರಾಸ್ ಚಾಂಪಿಯನ್ನರಾದ ಟೋರ್ಸ್ಟನ್ ಹಾಲ್‌ಮನ್, ಸ್ಟೆನ್ ಲುಂಡಿನ್ ಇದೇ ಎಂಜಿನ್ನನ್ನು ಹಗುರ ಫ್ರೇಮಿಗೆ ಕೂರಿಸಿದರು. 1977ರಲ್ಲಿ ಆ ಬೈಕು ಟೂ-ಸ್ಟ್ರೋಕ್ ಬೈಕುಗಳ ನಡುವೆ ಗ್ರ್ಯಾನ್‌ ಪ್ರಿ (ಮೋಟೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್ಪಿನ ರೇಸು) ಓಡಿತು. ಎಂಥ ಕೆಲಸ ಅಲ್ವಾ!

ಹಾಗಾಗಿ ಲೈಟು, ಇಂಡಿಕೇಟರು, ಭಾರದ ಸೈಲೆನ್ಸರ್ ತೆಗೆಯಿರಿ. ಹಿಂದೆ ಒಳ್ಳೇ ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿ. ದುಡ್ಡು ಅಲ್ಲಿ ಹೋಗಲಿ.

ಆಯಿಲ್ ಮಾತ್ರ ಮರೆಯಬೇಡಿ. ಇದರ ಆಯಿಲ್ ಇರುವುದು ಫ್ರೇಮಿನ ಮುಂದಿನ ಕೊಳವೆಯೊಳಗೆ. ಅಲ್ಲಿ ಹಳೇ ಗಸಿ ಕೂತಿರುತ್ತದೆ. ಆಯಿಲ್ ಸೋಸುವ ಜಾಲರಿ ಬಿಚ್ಚಿ ತೊಳೆಯದೆ ರೇಸಿಗೆ ಇಳಿಯಲೇಬೇಡಿ.

ಇನ್ನು ಕಿಕ್ ಹೊಡೆದು ಸ್ಟಾರ್ಟ್ ಮಾಡುವುದು. ಸುಮ್ನೆ ಒದೆಯಬೇಡಿ, ಕಾಲಿಗೇ ತಿರುಗಿ ಹೊಡೆದೀತು. ಡಿಕಂಪ್ರೆಶನ್ ಲಿವರ್ (ಎಂಜಿನ್ನಿನೊಳಗಿನ ಒತ್ತಡ ಬಿಡಿಸುವ ಹಿಡಿ) ಹಿಡಿದು ಪೆಡಲನ್ನು ನಿಧಾನ ಒತ್ತಿ. ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಬಲಗಡೆ ಪುಟ್ಟ ಗಾಜಿನ ಕಿಂಡಿಯಿದೆ. ಅದರಲ್ಲಿ ಗುರುತು ಕಂಡೊಡನೆ ಲಿವರ್ ಬಿಡಿ. ಪೆಡಲ್ ಮೇಲೆ ಬರಲಿ. ಆಮೇಲೆ ಥ್ರಾಟಲ್ ಮುಟ್ಟದೆ ಕೊನೇವರೆಗೂ ಒಂದೇ ಒದೆತ.