ಹಾಸನದಲ್ಲಿ ಬಿ.ಎಸ್ಸಿ. ಎಂ.ಎಲ್.ಟಿ. ಮುಗಿಸಿದ್ದೇನೆ, ರಕ್ತಪೂರಣ ವಿಜ್ಞಾನದಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಹಾಸನದಲ್ಲಿ ಬಿ.ಎಸ್ಸಿ. ಎಂ.ಎಲ್.ಟಿ. (ಮೆಡಿಕಲ್ ಲ್ಯಾಬ್ ತಂತ್ರಜ್ಞಾನ) ಮುಗಿದಿದೆ, ಶೇ. 63 ಅಂಕ ಬಂದಿದೆ, ಇಂಟರ್ನ್‌ಶಿಪ್ಪಿನಲ್ಲಿ ಒಂದು ತಿಂಗಳು ಬ್ಲಡ್ ಬ್ಯಾಂಕ್ ಪೋಸ್ಟಿಂಗ್ ಆಗಿದೆ. ಈಗ ಟ್ರಾನ್ಸ್‌ಫ್ಯೂಷನ್‌ನಲ್ಲಿ, ಅಂದರೆ ರಕ್ತಪೂರಣದಲ್ಲಿ, ಎಂ.ಎಸ್ಸಿ. ಮಾಡಬೇಕು. ಅಂಕ ಸಾಲುತ್ತದೆಯೇ, ಅರ್ಜಿಯ ಜೊತೆ ಕೊಡುವ ಸ್ಟೇಟ್‌ಮೆಂಟ್‌ನಲ್ಲಿ ಏನು ಬರೆಯಬೇಕು, ಹೊರದೇಶಕ್ಕೂ ಹಾಕಬಹುದೇ ಎಂದು ಕೇಳಿದ್ದೀರಿ.

ಅಂಕ ಸಾಲುತ್ತದೆ. ಸಾಲದಿರುವುದು ಆ ಒಂದು ತಿಂಗಳ ಪೋಸ್ಟಿಂಗ್. ಈ ವರ್ಷವೇ ಅರ್ಜಿ ಹಾಕಲೇಬೇಕೆಂಬ ಅವಸರ ಇಲ್ಲದಿದ್ದರೆ, ಮೊದಲು ಲೈಸೆನ್ಸ್ ಇರುವ, ರಕ್ತದಿಂದ ಕಾಂಪೊನೆಂಟ್ (ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ) ಬೇರ್ಪಡಿಸುವ ಬ್ಲಡ್ ಸೆಂಟರ್ ಒಂದರಲ್ಲಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿ. ಆರು ತಿಂಗಳು ಅನ್ನುವುದಕ್ಕೆ ಕಾರಣ ಇದೆ. ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಪ್ರಕಾರ ಬ್ಲಡ್ ಸೆಂಟರ್ ಟೆಕ್ನಿಷಿಯನ್ ಆಗಲು ಎಂ.ಎಲ್.ಟಿ. ಪದವಿ ಇದ್ದವರಿಗೆ ರಕ್ತ ಪರೀಕ್ಷೆಯಲ್ಲಿ ಆರು ತಿಂಗಳ ಅನುಭವ ಬೇಕು, ಡಿಪ್ಲೊಮಾದವರಿಗೆ ಒಂದು ವರ್ಷ. ಹಾಗಾಗಿ ಎಂ.ಎಸ್ಸಿ. ಸೀಟು ಒಂದು ವರ್ಷ ತಡವಾದರೂ ಈ ಆರು ತಿಂಗಳು ವ್ಯರ್ಥವಾಗುವುದಿಲ್ಲ, ಕೆಲಸಕ್ಕೆ ಅರ್ಹತೆಯಾಗಿ ನಿಲ್ಲುತ್ತದೆ.

ಎಲ್ಲಿ ಸೇರುತ್ತೀರಿ ಅನ್ನುವುದನ್ನು ನೋಡಿಕೊಂಡು ಸೇರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವುದು ಎಷ್ಟೋ ಕಡೆ ರಕ್ತ ಶೇಖರಣಾ ಘಟಕ ಮಾತ್ರ. ಅಲ್ಲಿಗೆ ಪರೀಕ್ಷೆಯಾದ ರಕ್ತ ದೊಡ್ಡ ಕೇಂದ್ರದಿಂದ ಬರುತ್ತದೆ. ಅಲ್ಲಿನವರು ಗ್ರೂಪಿಂಗ್, ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿ ಕೊಡುತ್ತಾರೆ. ರಕ್ತ ಸಂಗ್ರಹ, ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ, ಕಾಂಪೊನೆಂಟ್ ತಯಾರಿ ಯಾವುದೂ ಅಲ್ಲಿ ಕೈಗೆ ಸಿಗುವುದಿಲ್ಲ. ಹಾಸನದಲ್ಲಿ ಹಿಮ್ಸ್ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ), ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ, ಜೊತೆಗೆ ಖಾಸಗಿ ಮತ್ತು ಸಂಘ ಸಂಸ್ಥೆಗಳ ಕೇಂದ್ರಗಳು ಹೀಗೆ ಎಲ್ಲ ಕಡೆ ವಿಚಾರಿಸಿ. ಇ-ರಕ್ತಕೋಶ್ ಪೋರ್ಟಲ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸಿದರೆ ಯಾವ ಕೇಂದ್ರದಲ್ಲಿ ಪ್ಲೇಟ್‌ಲೆಟ್, ಎಫ್.ಎಫ್.ಪಿ. (ಹೆಪ್ಪುಗಟ್ಟಿಸಿಟ್ಟ ತಾಜಾ ಪ್ಲಾಸ್ಮಾ) ದಾಸ್ತಾನು ತೋರಿಸುತ್ತದೆ ಎಂದು ಗೊತ್ತಾಗುತ್ತದೆ. ಖಾತ್ರಿ ಬೇಕಿದ್ದರೆ ಕೇಂದ್ರದ ಲೈಸೆನ್ಸ್ ನೋಡಿ, ಯಾವ ಯಾವ ಕಾಂಪೊನೆಂಟ್‌ಗೆ ಅನುಮತಿ ಇದೆ ಎಂದು ಅದರಲ್ಲೇ ಇರುತ್ತದೆ.

ಸೇರಿದ ಮೊದಲ ದಿನದಿಂದ ಒಂದು ಲಾಗ್‌ಬುಕ್ ಇಡಿ. ನೂರು ಪುಟದ ನೋಟ್‌ಬುಕ್ ಸಾಕು. ಇವತ್ತು ಎಷ್ಟು ಗ್ರೂಪಿಂಗ್, ಎಷ್ಟು ಕ್ರಾಸ್‌ಮ್ಯಾಚ್, ಟ್ಯೂಬ್‌ನಲ್ಲಿ ಎಷ್ಟು, ಜೆಲ್ ಕಾರ್ಡ್‌ನಲ್ಲಿ ಎಷ್ಟು, ಎಷ್ಟು ಬ್ಯಾಗ್ ಬೇರ್ಪಡಿಸಿದೆ, ಹೊಂದದ ಕ್ರಾಸ್‌ಮ್ಯಾಚ್ ಬಂದರೆ ಮುಂದೆ ಏನು ಮಾಡಿದರು, ಇಷ್ಟು ಬರೆಯಿರಿ. ರೋಗಿಯ ಹೆಸರು, ಆಸ್ಪತ್ರೆ ನಂಬರ್, ದಾನಿಯ ವಿವರ ಯಾವುದನ್ನೂ ಬರೆಯಬೇಡಿ. ತಿಂಗಳಿಗೊಮ್ಮೆ ಮೆಡಿಕಲ್ ಆಫೀಸರ್ ಹತ್ತಿರ ಸಹಿ ಹಾಕಿಸಿ. ಕೊನೆಗೆ ಒಟ್ಟಿಗೆ ಆರು ತಿಂಗಳದ್ದು ತೆಗೆದುಕೊಂಡು ಹೋದರೆ ಯಾರೂ ಮನಸ್ಸಿಟ್ಟು ನೋಡಿ ಸಹಿ ಹಾಕುವುದಿಲ್ಲ.

ಸ್ಟೇಟ್‌ಮೆಂಟ್ ನಿಂತಿರುವುದೇ ಈ ಲಾಗ್‌ಬುಕ್ಕಿನ ಮೇಲೆ. ‘ರಕ್ತದಾನ ಮಹಾದಾನ, ಚಿಕ್ಕಂದಿನಿಂದಲೂ ಜನಸೇವೆಯ ಆಸೆ’ ಎಂದು ಶುರುವಾಗುವ ಸ್ಟೇಟ್‌ಮೆಂಟ್‌ಗಳನ್ನು ಆಯ್ಕೆ ಮಾಡುವವರು ನೂರಾರು ಓದಿರುತ್ತಾರೆ. ಆಸೆ ನಿಜವೇ ಇರಬಹುದು, ಆದರೆ ಆ ಸಾಲಿನಿಂದ ನಿಮ್ಮ ಬಗ್ಗೆ ಅವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ (ಅಂಕಿ ಸಂಖ್ಯೆ ಮಾತ್ರ ನಿಮ್ಮ ಲಾಗ್‌ಬುಕ್‌ನದೇ ಇರಲಿ): ‘ಆರು ತಿಂಗಳಲ್ಲಿ 400 ಕ್ರಾಸ್‌ಮ್ಯಾಚ್ ಮಾಡಿದ್ದೇನೆ. ಅದರಲ್ಲಿ ಟ್ಯೂಬ್ ವಿಧಾನದ ಕೂಂಬ್ಸ್ ಪರೀಕ್ಷೆಯಲ್ಲಿ ಚೆಕ್ ಸೆಲ್ ಗುಂಪುಗಟ್ಟದೆ ಮತ್ತೆ ಮಾಡಬೇಕಾಗಿ ಬಂದದ್ದು 9. ಅವುಗಳ ಕಾರಣ ಹುಡುಕಿದಾಗ ಹೆಚ್ಚಿನವು ತೊಳೆಯುವ ಹಂತದ ತಪ್ಪು.’ ಇದನ್ನು ಓದಿದವರಿಗೆ ನೀವು ಬೆಂಚಿನ ಮುಂದೆ ನಿಂತು ಕೆಲಸ ಮಾಡಿದವರು ಎಂದು ಮೂರೇ ಸಾಲಿನಲ್ಲಿ ಗೊತ್ತಾಗುತ್ತದೆ.

ಹೀಗೆ ಬರೆದ ಮೇಲೆ ಸಂದರ್ಶನದಲ್ಲಿ ಅದರ ಮೇಲೆ ಕೇಳಿಯೇ ಕೇಳುತ್ತಾರೆ. ಅದಕ್ಕೆ ಆ ಕೂಂಬ್ಸ್ ಪರೀಕ್ಷೆಯನ್ನು, ಅಂದರೆ ಕೆಂಪು ಕಣಗಳಿಗೆ ಅಂಟಿದ ಆ್ಯಂಟಿಬಾಡಿಯನ್ನು ಹಿಡಿಯುವ ಪರೀಕ್ಷೆಯನ್ನು, ಇಲ್ಲಿ ಬಿಡಿಸಿ ಹೇಳುತ್ತೇನೆ. ರೋಗಿಯ ಸೀರಂಗೆ ದಾನಿಯ ಕೆಂಪು ಕಣಗಳ ಶೇ. 3ರಿಂದ 5ರ ಸಸ್ಪೆನ್ಷನ್ ಹಾಕಿ 37 ಡಿಗ್ರಿಯಲ್ಲಿ ಇಡುತ್ತೀರಿ. ಬರೀ ಸಲೈನ್ ಆದರೆ ಅರ್ಧ ಗಂಟೆಯಿಂದ ಒಂದು ಗಂಟೆ, ಲಿಸ್ (ಉಪ್ಪಿನಂಶ ಕಡಿಮೆ ಇರುವ ದ್ರಾವಣ) ಬಳಸಿದರೆ ಕಾಲು ಗಂಟೆಯಷ್ಟು. ಆಮೇಲೆ ಸಲೈನ್‌ನಲ್ಲಿ ಮೂರರಿಂದ ನಾಲ್ಕು ಸಲ ತೊಳೆದು, ಕೊನೆಯ ಸಲ ಸಲೈನನ್ನು ಪೂರ್ತಿ ಬಸಿದು, ತಡಮಾಡದೆ ಆ್ಯಂಟಿಗ್ಲಾಬ್ಯುಲಿನ್ ಹಾಕಿ ತಿರುಗಿಸಿ ನೋಡುತ್ತೀರಿ. ಗುಂಪು ಕಟ್ಟಲಿಲ್ಲ ಎಂದಾಕ್ಷಣ ‘ಹೊಂದಿಕೆಯಾಗಿದೆ’ ಎಂದು ಬರೆಯುವ ಹಾಗಿಲ್ಲ. ಐ.ಜಿ.ಜಿ. ಆ್ಯಂಟಿಬಾಡಿಯನ್ನು ಮೊದಲೇ ಅಂಟಿಸಿದ ಕೆಂಪು ಕಣ, ಅಂದರೆ ಚೆಕ್ ಸೆಲ್, ಒಂದು ಹನಿ ಹಾಕಿ ಮತ್ತೆ ತಿರುಗಿಸಬೇಕು, ಈ ಸಲ ಗುಂಪು ಕಟ್ಟಲೇಬೇಕು. ಕಟ್ಟದಿದ್ದರೆ ಮೊದಲು ಬಂದ ನೆಗೆಟಿವ್ ನಂಬಲು ಬರುವುದಿಲ್ಲ. ತೊಳೆಯುವಾಗ ಟ್ಯೂಬ್‌ನಲ್ಲಿ ಸೀರಂ ಒಂದಿಷ್ಟು ಉಳಿದಿದ್ದರೂ ಅದರಲ್ಲಿನ ಗ್ಲಾಬ್ಯುಲಿನ್ ನಿಮ್ಮ ರಿಯೇಜೆಂಟನ್ನೆಲ್ಲ ಹಿಡಿದು ಮುಗಿಸಿಬಿಡುತ್ತದೆ, ಕಣಗಳಿಗೆ ಏನೂ ಉಳಿಯುವುದಿಲ್ಲ. ರಿಯೇಜೆಂಟ್ ಹಾಕಲು ಮರೆತಿದ್ದರೂ, ರಿಯೇಜೆಂಟ್ ಕೆಟ್ಟಿದ್ದರೂ ಫಲಿತಾಂಶ ಇದೇ. ಜೆಲ್ ಕಾರ್ಡ್‌ನಲ್ಲಿ ಚೆಕ್ ಸೆಲ್ ಯಾಕೆ ಬೇಡ ಎಂಬುದು ಇದರ ಹಿಂದೆಯೇ ಬರುವ ಪ್ರಶ್ನೆ. ಅಲ್ಲಿ ತೊಳೆಯುವ ಹಂತವೇ ಇಲ್ಲ. ಸೀರಂ ಮೇಲೆ ಉಳಿಯುತ್ತದೆ, ಕಣಗಳು ಮಾತ್ರ ಆ್ಯಂಟಿಗ್ಲಾಬ್ಯುಲಿನ್ ಇರುವ ಜೆಲ್‌ಗೆ ಇಳಿಯುತ್ತವೆ. ಕಣಗಳ ಸಸ್ಪೆನ್ಷನ್ ಕೂಡ ಅಲ್ಲಿ ಶೇ. 0.8 ಮಾತ್ರ.

ಇನ್ನೊಂದು ಮೆಚ್ಚಿನ ಪ್ರಶ್ನೆ ಬಾಂಬೆ ಗ್ರೂಪ್ ಎಂಬ ಅಪರೂಪದ ರಕ್ತದ ಗುಂಪು. 1952ರಲ್ಲಿ ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬೈಯಿಂದ ವರದಿ ಮಾಡಿದ್ದು. ಕಣಗಳನ್ನು ಪರೀಕ್ಷಿಸಿದರೆ ಓ ಗ್ರೂಪ್ ಎಂದೇ ಕಾಣುತ್ತದೆ. ಸೀರಂ ಪರೀಕ್ಷಿಸಿದಾಗ ಎ, ಬಿ ಕಣಗಳ ಜೊತೆ ಓ ಕಣಗಳೂ ಗುಂಪು ಕಟ್ಟುತ್ತವೆ. ಎಚ್ ಆ್ಯಂಟಿಜನ್ ಗುರುತಿಸುವ ಆ್ಯಂಟಿ-ಎಚ್ ಲೆಕ್ಟಿನ್ ಹಾಕಿದರೆ ಪ್ರತಿಕ್ರಿಯೆ ಇಲ್ಲ. ಕೆಲಸದ ಒತ್ತಡದಲ್ಲಿ ರಿವರ್ಸ್ ಗ್ರೂಪಿಂಗ್ (ಈ ಸೀರಂ ಪರೀಕ್ಷೆ) ಬಿಟ್ಟರೆ, ಅಥವಾ ಮಾಡಿದರೂ ಓ ಕಣ ಹಾಕದಿದ್ದರೆ, ಈ ರೋಗಿ ಓ ಎಂದೇ ದಾಖಲಾಗುತ್ತಾರೆ. ಕ್ರಾಸ್‌ಮ್ಯಾಚ್ ಹೊಂದದೇ ಬಂದಾಗ ಮಾತ್ರ ಎಚ್ಚರವಾಗುತ್ತದೆ. ಅವರಿಗೆ ಇನ್ನೊಬ್ಬ ಬಾಂಬೆ ಗ್ರೂಪ್ ದಾನಿಯದೇ ರಕ್ತ ಆಗಬೇಕು.

ಕಾಂಪೊನೆಂಟ್ ಕುರಿತ ಪ್ರಶ್ನೆಗಳಿಗೆ ನಮ್ಮ ಊರಿನ ಕೆಲಸವೇ ಒಳ್ಳೆಯ ತಯಾರಿ. ಮೂಡಿಗೆರೆ ಕಡೆ ಒಂದು ಕ್ಯಾಂಪ್ ಆಗಿದೆ ಎನ್ನಿ. ಬ್ಯಾಗುಗಳನ್ನು ಐಸ್ ಬಾಕ್ಸಿನಲ್ಲಿ ತಣ್ಣಗೆ ಮಾಡಿ ತಂದರೆ ಕೆಂಪು ಕಣಕ್ಕೆ ತೊಂದರೆಯಿಲ್ಲ, ಆದರೆ ಅದರಿಂದ ಪ್ಲೇಟ್‌ಲೆಟ್ ತೆಗೆಯಲು ಬರುವುದಿಲ್ಲ. ಚಳಿಗೆ ಪ್ಲೇಟ್‌ಲೆಟ್ ಆಕಾರ ಕೆಡುತ್ತದೆ, ಮೈಯೊಳಗೆ ಹೋದರೂ ಬೇಗ ನಾಶವಾಗುತ್ತದೆ. ಪ್ಲೇಟ್‌ಲೆಟ್ ಬೇಕಿದ್ದರೆ ಬೇರ್ಪಡಿಸುವ ತನಕ ರಕ್ತ 20ರಿಂದ 24 ಡಿಗ್ರಿಯಲ್ಲೇ ಇರಬೇಕು, ಕೆಲವೇ ಗಂಟೆಗಳೊಳಗೆ ಸೆಂಟ್ರಿಫ್ಯೂಜ್‌ಗೆ ಹೋಗಬೇಕು. ಬೇರ್ಪಡಿಸಿದ ಮೇಲೆ ಪ್ಲೇಟ್‌ಲೆಟ್ ಬ್ಯಾಗನ್ನು ಸುಮಾರು ಒಂದು ಗಂಟೆ ಅಲುಗಾಡಿಸದೆ ಬಿಟ್ಟು, ನಂತರ ಅದನ್ನು ಸದಾ ಮೆಲ್ಲಗೆ ಅಲುಗಾಡಿಸುವ ಯಂತ್ರಕ್ಕೆ, ಅಂದರೆ ಅಜಿಟೇಟರ್‌ಗೆ, ಹಾಕುತ್ತಾರೆ. ರಕ್ತ ಸಂಗ್ರಹಿಸಿದ ದಿನದಿಂದ ಬಾಳಿಕೆ 5 ದಿನ. ಅಜಿಟೇಟರ್ ನಿಂತರೆ ಆಮ್ಲತೆ ಏರಿ ಪಿ.ಎಚ್. ಇಳಿಯುತ್ತದೆ. ಮಳೆಗಾಲದಲ್ಲಿ ಡೆಂಗಿ ಹೆಚ್ಚಾಗುವುದೂ ಮಲೆನಾಡಿನಲ್ಲಿ ಕರೆಂಟ್ ಹೋಗುವುದೂ ಒಂದೇ ಹೊತ್ತಿಗೆ. ಜನರೇಟರ್, ತಾಪಮಾನದ ಚಾರ್ಟ್, ಅಲಾರಂ ಇವುಗಳನ್ನು ನಿಮ್ಮ ಕೇಂದ್ರದಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಎಂದು ಗಮನಿಸಿಟ್ಟುಕೊಳ್ಳಿ, ಉತ್ತರಕ್ಕೆ ತೂಕ ಬರುತ್ತದೆ. 350 ಮಿ.ಲೀ. ಬ್ಯಾಗಿನಲ್ಲಿ ಹೆಪ್ಪುರೋಧಕ 49 ಮಿ.ಲೀ. ಯಾಕೆ, ರಕ್ತ 200 ಮಿ.ಲೀ.ಗೇ ನಿಂತುಹೋದರೆ ಏನಾಗುತ್ತದೆ ಎಂದೂ ಕೇಳಬಹುದು. ಪ್ರತಿ 100 ಮಿ.ಲೀ. ರಕ್ತಕ್ಕೆ 14 ಮಿ.ಲೀ. ಎಂಬುದು ಲೆಕ್ಕ, ರಕ್ತ ಕಡಿಮೆಯಾದರೆ ಸಿಟ್ರೇಟ್ ಪಾಲು ಹೆಚ್ಚಾಗುತ್ತದೆ.

ಇನ್ನು ಕೋರ್ಸಿನ ಹೆಸರು. ‘ಟ್ರಾನ್ಸ್‌ಫ್ಯೂಷನ್ ಸೈನ್ಸ್’ ಎಂದೇ ಹುಡುಕಿದರೆ ನಿಮಗೆ ಅರ್ಧ ಮಾತ್ರ ಸಿಗುತ್ತದೆ. ಇದೇ ವಿಷಯ ಟ್ರಾನ್ಸ್‌ಫ್ಯೂಷನ್ ಮೆಡಿಸಿನ್, ಇಮ್ಯುನೊಹೆಮಟಾಲಜಿ, ಎಂ.ಎಸ್ಸಿ. ಎಂ.ಎಲ್.ಟಿ.ಯಲ್ಲಿ ಹೆಮಟಾಲಜಿ ಜೊತೆ ಬ್ಲಡ್ ಟ್ರಾನ್ಸ್‌ಫ್ಯೂಷನ್ ಹೀಗೆ ನಾನಾ ಹೆಸರಲ್ಲಿರುತ್ತದೆ. ಹೆಮಟಾಲಜಿ ಜೊತೆ ಸೇರಿದ್ದರೆ ಪಠ್ಯಕ್ರಮ ತೆಗೆದು, ಆ್ಯಂಟಿಬಾಡಿ ಗುರುತಿಸುವುದು, ಅಫೆರೆಸಿಸ್ (ಯಂತ್ರದಿಂದ ದಾನಿಯ ರಕ್ತದ ಬೇಕಾದ ಅಂಶವನ್ನಷ್ಟೇ ತೆಗೆಯುವುದು), ಗುಣಮಟ್ಟ ನಿಯಂತ್ರಣಕ್ಕೆ ಎಷ್ಟು ಗಂಟೆ ಕೊಟ್ಟಿದ್ದಾರೆ ಎಂದು ಎಣಿಸಿ. ಎಂ.ಡಿ. ಇಮ್ಯುನೊಹೆಮಟಾಲಜಿ ಆ್ಯಂಡ್ ಬ್ಲಡ್ ಟ್ರಾನ್ಸ್‌ಫ್ಯೂಷನ್ ಎಂಬುದು ಎಂ.ಬಿ.ಬಿ.ಎಸ್. ಆದವರಿಗೆ ನೀಟ್-ಪಿ.ಜಿ. ಮೂಲಕ ಸಿಗುವುದು, ಅದನ್ನು ನಿಮ್ಮ ಪಟ್ಟಿಯಿಂದ ತೆಗೆದುಹಾಕಿ. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆ.ಎಂ.ಸಿ., ವೆಲ್ಲೂರಿನ ಸಿ.ಎಂ.ಸಿ.ಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಸೀಟಿಗೆ ಹಾಕದಿದ್ದರೂ ಎರಡು ವಾರ ಕೆಲಸ ನೋಡಲು ಅವಕಾಶ ಕೇಳಿ ಪತ್ರ ಬರೆಯಿರಿ. ಜಿಲ್ಲೆಯಲ್ಲಿ ಅಪರೂಪಕ್ಕೆ ಕಾಣುವ ಆ್ಯಂಟಿಬಾಡಿ ಪ್ಯಾನೆಲ್ (ಯಾವ ಆ್ಯಂಟಿಬಾಡಿ ಎಂದು ಗುರುತಿಸುವ ಪರೀಕ್ಷೆ) ಅಲ್ಲಿ ದಿನನಿತ್ಯದ ಕೆಲಸ.

ಶಿಫಾರಸು ಪತ್ರ ಎರಡು ಬೇಕಾಗಬಹುದು. ಒಂದನ್ನು ಪಾಠ ಮಾಡಿದವರಿಂದ, ಇನ್ನೊಂದನ್ನು ಬ್ಲಡ್ ಸೆಂಟರ್ ಮೆಡಿಕಲ್ ಆಫೀಸರ್ ಅವರಿಂದ ತೆಗೆದುಕೊಳ್ಳಿ. ಪ್ರಾಂಶುಪಾಲರ ಸಹಿ ದೊಡ್ಡದು ಎಂದು ನಿಮ್ಮ ಕೈಕೆಲಸವನ್ನೇ ಕಾಣದವರಿಂದ ಬರೆಸಬೇಡಿ. ಕೇಳುವಾಗ ‘ಸರ್, ನನ್ನ ಲಾಗ್‌ಬುಕ್ಕಿನ ಒಂದು ಪುಟದ ಸಾರಾಂಶ ತಂದಿದ್ದೇನೆ, ನೋಡಿ ಬರೆದುಕೊಡಿ’ ಎಂದು ಕೈಗೆ ಕೊಡಿ, ಪತ್ರದಲ್ಲಿ ತಾನಾಗಿ ವಿವರ ಬರುತ್ತದೆ. ಅನುಭವ ಪತ್ರ ಬೇರೆ. ಅದು ಕೇಂದ್ರದ ಲೆಟರ್‌ಹೆಡ್ ಮೇಲೆ ಇರಬೇಕು. ಲೈಸೆನ್ಸ್ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ಮಾಡಿದ ಕೆಲಸಗಳ ಹೆಸರು ಅದರಲ್ಲಿ ಬರಬೇಕು. ‘ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಇದ್ದರೆ ಮರ್ಯಾದೆಯಿಂದ ವಾಪಸು ಕೊಟ್ಟು ತಿದ್ದಿಸಿಕೊಳ್ಳಿ.

ದಾಖಲೆಗಳಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಬಿಡಿಸಿ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಹುಟ್ಟಿದ್ದು ಚಿಕ್ಕಮಗಳೂರಾದರೆ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಿಂದ ಬದಲಾಗಿದೆ, ಹಳೆಯ ದಾಖಲೆಯಲ್ಲಿ ಹಳೆಯದೇ ಇರುತ್ತದೆ. ಅರ್ಜಿಯಲ್ಲಿ ಎಸ್.ಎಸ್.ಎಲ್.ಸಿ. ಪ್ರಕಾರವೇ ಹೆಸರು ತುಂಬಿ, ಉಳಿದವುಗಳಿಗೆ ನೋಟರಿ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಆರ್.ಡಿ. ನಂಬರ್ (ಪ್ರಮಾಣಪತ್ರದ ಸಂಖ್ಯೆ) ಬರೆದಿಟ್ಟುಕೊಳ್ಳಿ, ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೂ ಅದು ಬೇಕು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟ್ ತೆಗೆಸಬೇಕು. ಇಂಟರ್ನ್‌ಶಿಪ್ ಮುಗಿಸಿದ ಪತ್ರವನ್ನು ಕಾಲೇಜಿನಿಂದ ಈಗಲೇ ಪಡೆಯಿರಿ.

ಹೊರದೇಶದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಸಾಮಾನ್ಯವಾಗಿ ಒಂದು ವರ್ಷದ್ದು. ಆದರೆ ಆ ಪದವಿ ಒಂದೇ ಇದ್ದರೆ ಅಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಕೆಲಸ ಮಾಡಲಾಗದು, ಅದಕ್ಕೆ ಎಚ್.ಸಿ.ಪಿ.ಸಿ. (ಅಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿ) ನೋಂದಣಿ ಬೇಕು. ನಿಮ್ಮ ಬಿ.ಎಸ್ಸಿ. ಮತ್ತು ಅನುಭವಕ್ಕೆ ಆ ನೋಂದಣಿ ಸಿಗುತ್ತದೆಯೇ ಎಂದು ಸಾಲ ತೆಗೆಯುವ ಮೊದಲೇ ನೋಡಿ. ಕೋರ್ಸಿನಲ್ಲಿ ನಿಜವಾದ ಲ್ಯಾಬ್ ಕೆಲಸ ಎಷ್ಟು ವಾರ ಎಂದು ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಪಡೆಯಿರಿ, ಕೆಲವು ಪೂರ್ತಿ ಆನ್‌ಲೈನ್ ಇರುತ್ತವೆ. ಅಮೆರಿಕದಲ್ಲಿ ಈ ಕ್ಷೇತ್ರದ ಹೆಸರಾಂತ ಅರ್ಹತೆ ಎಸ್.ಬಿ.ಬಿ., ಅಂದರೆ ಸ್ಪೆಷಲಿಸ್ಟ್ ಇನ್ ಬ್ಲಡ್ ಬ್ಯಾಂಕಿಂಗ್. ಅದು ಬ್ಲಡ್ ಬ್ಯಾಂಕಿನಲ್ಲಿ ಪಳಗಿದವರಿಗೆ, ಈಗಲೇ ನಿಮಗಲ್ಲ.

ಈ ವಾರ ಮಾಡಬೇಕಾದ್ದು ಒಂದೇ ಕೆಲಸ. ಅಂಕಪಟ್ಟಿಗಳ ಜೆರಾಕ್ಸ್, ಇಂಟರ್ನ್‌ಶಿಪ್ ಪತ್ರ, ಒಂದು ಪುಟದ ಬಯೋಡೇಟಾ ಹಿಡಿದು ಬ್ಲಡ್ ಸೆಂಟರ್‌ಗೆ ಮಧ್ಯಾಹ್ನದ ಮೇಲೆ ಹೋಗಿ. ಬೆಳಿಗ್ಗೆ ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಟೆಕ್ನಿಕಲ್ ಸೂಪರ್‌ವೈಸರ್ ಯಾರು ಎಂದು ಕೇಳಿ, ಕಾಂಪೊನೆಂಟ್ ರೂಮಿನಲ್ಲಿ ಕೆಲಸ ಕಲಿಯಬೇಕು ಎಂದು ನೇರವಾಗಿ ಹೇಳಿ. ಸಂಬಳದ ಮಾತಿಗಿಂತ ಮೊದಲು ಆ ರೂಮಿಗೆ ಎಷ್ಟು ದಿನ ಹಾಕುತ್ತಾರೆ ಎಂಬುದು ಇತ್ಯರ್ಥವಾಗಲಿ.