ಟರ್ಮಿನಲ್‌ನಲ್ಲಿ ಪ್ಯಾಕೇಜ್ ವಿವರಣೆ ಓದೋಕೆ ಸುಲಭ ದಾರಿ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಉಬುಂಟು ಲಿನಕ್ಸ್‌ನಲ್ಲಿ ಪ್ಯಾಕೇಜಿನ (ಅಂದರೆ ಇನ್‌ಸ್ಟಾಲ್ ಮಾಡುವ ತಂತ್ರಾಂಶದ) ಮಾಹಿತಿ ತೋರಿಸುವ ‘ಆಪ್ಟ್ ಶೋ’ ಕಮಾಂಡ್ ಕೊಟ್ಟರೆ ಮೊದಲು ಡಿಪೆಂಡೆನ್ಸಿಗಳ, ಅಂದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳ, ರಾಶಿ ಬರುತ್ತದೆ. ನಿಮಗೆ ಬೇಕಾದ ವಿವರಣೆ ಕೊನೆಯಲ್ಲೆಲ್ಲೋ ಇರುತ್ತದೆ. ಅದರಲ್ಲೂ ಪದಗಳು ಅರ್ಧಕ್ಕೆ ಮುರಿದಿರುತ್ತವೆ, ನಡುನಡುವೆ ಒಂಟಿ ಚುಕ್ಕಿಗಳು ಬೇರೆ. ಇದನ್ನು ಓದುವ ಹಾಗೆ ಮಾಡಲು ಆಗುತ್ತದೆಯೇ ಅಂತ ಕೇಳಿದ್ದೀರಿ.

ಖಂಡಿತ ಆಗುತ್ತದೆ. ನಾನು ಟರ್ಮಿನಲ್‌ನಲ್ಲಿ ಅಕ್ಷರವನ್ನು ದೊಡ್ಡದಾಗಿ ಇಟ್ಟುಕೊಂಡು, ಪರದೆಯನ್ನು ಎರಡು ಭಾಗ ಮಾಡಿ ಕೆಲಸ ಮಾಡುವವನು. ಒಂದು ಸಾಲಿಗೆ 50 ಅಕ್ಷರ ಹಿಡಿದರೆ ಜಾಸ್ತಿ. ಹಾಗಾಗಿ ಈ ತೊಂದರೆ ನನಗೆ ದಿನನಿತ್ಯದ್ದು. (ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ಅವಸರದಲ್ಲಿದ್ದರೆ ಇಷ್ಟು ಸಾಕು: ಆಪ್ಟ್‌ನಂಥದ್ದೇ ಇನ್ನೊಂದು ಟೂಲ್ ಆದ ಆಪ್ಟಿಟ್ಯೂಡ್ ಇನ್‌ಸ್ಟಾಲ್ ಮಾಡಿಕೊಳ್ಳಿ, ‘ಆಪ್ಟ್ ಶೋ’ ಬದಲು ‘ಆಪ್ಟಿಟ್ಯೂಡ್ ಶೋ’ ಕೊಡಿ. ಒಂಟಿ ಚುಕ್ಕಿಗಳು ಹೋಗಿ ಖಾಲಿ ಸಾಲು ಬರುತ್ತದೆ. ನಿಮ್ಮ ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ಮತ್ತೆ ಜೋಡಣೆ ಆಗುತ್ತವೆ. ಪ್ಯಾಕೇಜ್ ಹಾಕುವುದು, ತೆಗೆಯುವುದು ಎಲ್ಲ ಆಪ್ಟ್‌ನಲ್ಲೇ ಇರಲಿ. ಇದನ್ನು ಸುಮ್ನೆ ಓದೋಕೆ ಇಟ್ಟುಕೊಳ್ಳಿ.

ಆದರೆ ಆ ಚುಕ್ಕಿಗಳು ಯಾಕೆ ಬರುತ್ತವೆ ಅಂತ ಗೊತ್ತಾದರೆ ಉಳಿದದ್ದನ್ನು ನೀವೇ ಸರಿ ಮಾಡಿಕೊಳ್ಳಬಹುದು. ಉಬುಂಟುವಿಗೆ ಮೂಲವಾದ ಡೆಬಿಯನ್ ಲಿನಕ್ಸ್‌ನ ನಿಯಮ ಪುಸ್ತಕ ‘ಡೆಬಿಯನ್ ಪಾಲಿಸಿ’ಯಲ್ಲಿ ವಿವರಣೆ ಬರೆಯುವುದಕ್ಕೆ ಪುಟ್ಟ ನಿಯಮಗಳಿವೆ, ಉಬುಂಟುವಿನಲ್ಲೂ ಅವೇ. ‘ಡಿಸ್ಕ್ರಿಪ್ಷನ್’ ಎಂಬ ಪದದ ಪಕ್ಕದಲ್ಲಿ ಇರುವ ಸಾಲು ಒಂದು ಸಾಲಿನ ಪರಿಚಯ. ಅದು 80 ಅಕ್ಷರದೊಳಗೆ ಇರಬೇಕು. ಅದರ ಕೆಳಗೆ ಬರುವ ಪ್ರತಿ ಸಾಲೂ ಒಂದು ಸ್ಪೇಸ್‌ನಿಂದ ಶುರುವಾಗುತ್ತದೆ. ‘ಹಿಂದಿನದೇ ಮುಂದುವರಿದಿದೆ’ ಅನ್ನುವುದಕ್ಕೆ ಆ ಸ್ಪೇಸೇ ಗುರುತು. ಪೂರ್ತಿ ಖಾಲಿ ಸಾಲು ಬಂದರೆ ಆ ಪ್ಯಾಕೇಜಿನ ಮಾಹಿತಿಯೇ ಮುಗಿಯಿತು ಅಂತ ಅರ್ಥ. ಅದಕ್ಕೇ ಪ್ಯಾರಾ ಬಿಡಬೇಕಾದಲ್ಲಿ ಒಂದು ಸ್ಪೇಸ್, ಒಂದು ಚುಕ್ಕಿ ಹಾಕುತ್ತಾರೆ. ಎರಡು ಅಥವಾ ಹೆಚ್ಚು ಸ್ಪೇಸ್‌ನಿಂದ ಶುರುವಾಗುವ ಸಾಲಿದ್ದರೆ, ಅದನ್ನು ಪಕ್ಕದ ಸಾಲಿಗೆ ಸೇರಿಸದೆ ಇದ್ದ ಹಾಗೇ ತೋರಿಸಬೇಕು. ಪಟ್ಟಿಗಳನ್ನು ಬರೆಯುವುದು ಹೀಗೆ.

‘ಆಪ್ಟ್ ಶೋ’ ಇದನ್ನು ಬಹುಮಟ್ಟಿಗೆ ಹಸಿಯಾಗಿಯೇ ಪರದೆಗೆ ತರುತ್ತದೆ. ಬರೆದವರು 80ರ ಆಸುಪಾಸಿನಲ್ಲಿ ಸಾಲು ಮುರಿದಿರುತ್ತಾರೆ, ನಿಮ್ಮ ಪರದೆ ಅದಕ್ಕಿಂತ ಕಿರಿದು. ಟರ್ಮಿನಲ್‌ಗೆ ಪದ ಎಲ್ಲಿ ಮುಗಿಯಿತು ಅನ್ನುವುದು ಗೊತ್ತಿಲ್ಲ. ಜಾಗ ಮುಗಿದ ಕಡೆ ಕತ್ತರಿಸಿ ಕೆಳಗೆ ಹಾಕುತ್ತದೆ, ಅಷ್ಟೇ.

ಇನ್ನು ಡಿಪೆಂಡೆನ್ಸಿ ರಾಶಿ. ‘ಆಪ್ಟಿಟ್ಯೂಡ್ ಶೋ’ ಕೊಟ್ಟರೂ ಅದು ಹೋಗುವುದಿಲ್ಲ, ಹಾಗಾಗಿ ವಿವರಣೆಯನ್ನಷ್ಟೇ ಬೇರೆ ಮಾಡಿಕೊಳ್ಳಬೇಕು. ಇಲ್ಲಿ ‘ಆಪ್ಟ್-ಕ್ಯಾಶ್ ಶೋ’ ಬಳಸುವುದು ಒಳ್ಳೆಯದು. ಬರೀ ‘ಆಪ್ಟ್’ ಅನ್ನು ಪೈಪ್ ಮಾಡಿದರೆ (ಅದರ ಫಲಿತಾಂಶವನ್ನು ಇನ್ನೊಂದು ಕಮಾಂಡ್‌ಗೆ ಕಳಿಸಿದರೆ), ಸ್ಕ್ರಿಪ್ಟ್‌ಗಳಲ್ಲಿ ನನ್ನನ್ನು ನಂಬಬೇಡಿ ಅಂತ ಅದೇ ಎಚ್ಚರಿಕೆ ಕೊಡುತ್ತದೆ. ಜೊತೆಗೆ ‘--ನೋ-ಆಲ್-ವರ್ಷನ್ಸ್’ ಹಾಕಿ, ಇಲ್ಲದಿದ್ದರೆ ಹಳೆಯ ಆವೃತ್ತಿಗಳ ವಿವರಣೆಯೂ ಒಂದರ ಹಿಂದೆ ಒಂದು ಬರುತ್ತದೆ. ಬಂದದ್ದನ್ನು ಸಾಲುಗಳನ್ನು ತಿದ್ದುವ ಸೆಡ್ ಕಮಾಂಡ್‌ಗೆ ಪೈಪ್ ಮಾಡಿ. ಡಿಸ್ಕ್ರಿಪ್ಷನ್ ಅಂತ ಶುರುವಾಗುವ ಸಾಲಿನಿಂದ, ಸ್ಪೇಸ್ ಇಲ್ಲದೆ ಶುರುವಾಗುವ ಮುಂದಿನ ಸಾಲಿನವರೆಗೆ ಮಾತ್ರ ತೋರಿಸು ಅಂತ ಹೇಳಿ. ಆ ಮೊದಲ ಸ್ಪೇಸ್ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಕೊನೆಯಲ್ಲಿ ಎಂಡಿ5 (ವಿವರಣೆಯನ್ನು ಗುರುತಿಸುವ ಸಂಕೇತ) ಇರುವ ಸಾಲೊಂದು ಅಂಟಿಕೊಂಡು ಬರುತ್ತದೆ, ಅದನ್ನು ಅಳಿಸಿಬಿಡಿ.

ಆಮೇಲೆ ಎರಡು ಬದಲಾವಣೆ, ಇದೇ ಕ್ರಮದಲ್ಲಿ. ಮೊದಲು ^ \.$ ಗೆ ಹೊಂದುವ ಸಾಲನ್ನು, ಅಂದರೆ ಬರೀ ಒಂದು ಸ್ಪೇಸ್, ಒಂದು ಚುಕ್ಕಿ ಇರುವ ಸಾಲನ್ನು, ಖಾಲಿ ಮಾಡಿ. ನಂತರ ಉಳಿದ ಸಾಲುಗಳ ಮೊದಲ ಸ್ಪೇಸ್ ಒಂದನ್ನು ಮಾತ್ರ ತೆಗೆಯಿರಿ. ಎಲ್ಲ ಸ್ಪೇಸ್ ತೆಗೆದರೆ ಪಟ್ಟಿ ಯಾವುದು, ಪ್ಯಾರಾ ಯಾವುದು ಅನ್ನುವ ಗುರುತೇ ಹೋಗುತ್ತದೆ.

ಕೊನೆಗೆ ಸಾಲು ಜೋಡಿಸುವುದು. ಇದಕ್ಕಿರುವ ಫೋಲ್ಡ್ ಮತ್ತು ಎಫ್‌ಎಂಟಿ ಎಂಬ ಎರಡು ಕಮಾಂಡ್‌ಗಳ ನಡುವೆ ಗೊಂದಲ ಆಗುವುದು ಇಲ್ಲೇ. ಫೋಲ್ಡ್‌ಗೆ ‘-ಎಸ್’ ಕೊಟ್ಟರೆ ಪದದ ಕೊನೆಯಲ್ಲಿ ಮುರಿಯುತ್ತದೆ ನಿಜ, ಆದರೆ ಮುರಿದ ಸಾಲುಗಳನ್ನು ಮತ್ತೆ ಕೂಡಿಸುವುದಿಲ್ಲ. 80ರ ಸಾಲನ್ನು 50ಕ್ಕೆ ಇಳಿಸಿದಾಗ ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಹೀಗೆ ಕಾಣುತ್ತದೆ. ಎಫ್‌ಎಂಟಿ ಪ್ಯಾರಾವನ್ನು ಕೂಡಿಸಿ ಚೆನ್ನಾಗಿ ಜೋಡಿಸುತ್ತದೆ, ಆದರೆ ಪಟ್ಟಿಯನ್ನೂ ಕೂಡಿಸಿಬಿಡುತ್ತದೆ. ಎಫ್‌ಎಫ್‌ಎಂಪೆಗ್ ಪ್ಯಾಕೇಜಿನಲ್ಲಿ ಪ್ರಯತ್ನಿಸಿ. ಅದರ ವಿವರಣೆಯ ಕೊನೆಗೆ ಎಫ್‌ಎಫ್‌ಪ್ಲೇ, ಎಫ್‌ಎಫ್‌ಪ್ರೋಬ್ ಹೀಗೆ ಒಳಗಿರುವ ಟೂಲ್‌ಗಳನ್ನು ನಕ್ಷತ್ರ ಹಾಕಿ ಒಂದೊಂದು ಸಾಲಿನಲ್ಲಿ ಬರೆದಿದ್ದಾರೆ. ಎಫ್‌ಎಂಟಿ ಮೂಲಕ ಹಾಯಿಸಿದರೆ ಎಲ್ಲ ಸೇರಿ ಒಂದೇ ಪ್ಯಾರಾ ಆಗುತ್ತದೆ, ನಕ್ಷತ್ರಗಳು ಮಧ್ಯದಲ್ಲಿ ಉಳಿಯುತ್ತವೆ. ಎಫ್‌ಎಂಟಿಗೆ ‘-ಎಸ್’ ಕೊಟ್ಟರೆ ಕೂಡಿಸುವುದನ್ನು ನಿಲ್ಲಿಸುತ್ತದೆ, ಆಗ ಉದ್ದ-ಗಿಡ್ಡದ ತೊಂದರೆ ವಾಪಸ್. ಆಪ್ಟಿಟ್ಯೂಡ್‌ಗೆ ಪ್ಯಾರಾ ಬೇರೆ, ಪಟ್ಟಿ ಬೇರೆ ಅನ್ನುವುದು ಗೊತ್ತು. ಅದಕ್ಕೇ ಮೊದಲು ಅದನ್ನು ಹೇಳಿದ್ದು. ಬರೀ ಪ್ಯಾರಾಗಳಿರುವ ವಿಮ್‌ನಂಥ ಪ್ಯಾಕೇಜಿಗೆ ಎಫ್‌ಎಂಟಿ ಧಾರಾಳವಾಗಿ ಸಾಕು. ಇಷ್ಟನ್ನೂ ಬ್ಯಾಶ್‌ನಲ್ಲಿ (ಟರ್ಮಿನಲ್‌ನಲ್ಲಿ ಕಮಾಂಡ್‌ಗಳನ್ನು ನಡೆಸುವ ಶೆಲ್) ಒಂದು ಫಂಕ್ಷನ್ ಮಾಡಿಟ್ಟುಕೊಳ್ಳಿ. ಅಗಲಕ್ಕೆ ‘ಟಿಪುಟ್ ಕಾಲ್ಸ್’ ಕೊಡುವ ಅಂಕಿ ಬಳಸಿ, ಕಿಟಕಿ ಹಿಗ್ಗಿಸಿದರೂ ಕುಗ್ಗಿಸಿದರೂ ಹೊಂದಿಕೊಳ್ಳುತ್ತದೆ.

ಎಷ್ಟೋ ಸಲ ಪೂರ್ತಿ ವಿವರಣೆ ಬೇಕಾಗಿರುವುದೇ ಇಲ್ಲ, ಇದು ಏನು ಅಂತ ಒಂದು ಸಾಲಿನಲ್ಲಿ ಗೊತ್ತಾದರೆ ಸಾಕು, ಅಲ್ವಾ? ಆಗ ‘ಆಪ್ಟ್-ಕ್ಯಾಶ್ ಸರ್ಚ್ --ನೇಮ್ಸ್-ಓನ್ಲಿ’ ಬರೆದು ‘^ವಿಮ್$’ ಅಂತ ಹೆಸರು ಕೊಡಿ. ಹೆಸರು, ಒಂದು ಗೀಟು, ಪರಿಚಯದ ಸಾಲು, ಅಷ್ಟೇ ಬರುತ್ತದೆ. ನಾನು ಅತಿ ಹೆಚ್ಚು ಬಳಸುವುದು ಇದನ್ನೇ.

2025ರಲ್ಲಿ ಬಂದ ಆಪ್ಟ್ 3.0ರಲ್ಲಿ ಉದ್ದದ ಫಲಿತಾಂಶ ತಾನಾಗಿಯೇ ಪೇಜರ್‌ನಲ್ಲಿ (ಪುಟ ಪುಟವಾಗಿ ತೋರಿಸುವ ಟೂಲ್) ತೆರೆದುಕೊಳ್ಳುತ್ತದೆ. ಡೆಬಿಯನ್ 13ರಲ್ಲಿ ಇರುವುದು ಇದೇ. ಹಳೆಯದಾಗಿದ್ದರೆ ‘ಲೆಸ್’ ಎಂಬ ಪೇಜರ್‌ಗೆ ಪೈಪ್ ಮಾಡಿ, ಸ್ಲ್ಯಾಶ್ ಒತ್ತಿ ಡಿಸ್ಕ್ರಿಪ್ಷನ್ ಅಂತ ಹುಡುಕಿದರೆ ನೇರ ಅಲ್ಲಿಗೇ ಹೋಗುತ್ತೀರಿ.

ಇಷ್ಟೆಲ್ಲ ಮಾಡಿದ ಮೇಲೂ ಅರ್ಥವಾಗದ ವಿವರಣೆಗಳು ಸಿಗುತ್ತವೆ. ಪ್ಯಾಕೇಜ್ ಏನು ಮಾಡುತ್ತದೆ ಅಂತಲೇ ಬರೆದಿರುವುದಿಲ್ಲ, ಪಟ್ಟಿಯ ಮುಂದೆ ಒಂದೇ ಸ್ಪೇಸ್ ಹಾಕಿರುತ್ತಾರೆ. ಅದಕ್ಕೆ ನಮ್ಮ ಸೆಡ್ ಏನೂ ಮಾಡಲಾರದು. ದಯವಿಟ್ಟು ಬಗ್ ವರದಿ ಹಾಕಿ. ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’ ಕಮಾಂಡ್ ಇದೆ, ಉಬುಂಟುವಾದರೆ ಲಾಂಚ್‌ಪ್ಯಾಡ್ ಎಂಬ ವೆಬ್‌ಸೈಟ್. ರಿಪೋರ್ಟ್‌ಬಗ್‌ನಲ್ಲಿ ತೀವ್ರತೆ ‘ಮೈನರ್’ ಅಂತ ಇರಲಿ. ‘ಓದೋಕೆ ಕಷ್ಟ’ ಅಂತಷ್ಟೇ ಬರೆಯಬೇಡಿ. ನಿಮ್ಮ ಪ್ರಕಾರ ಹೇಗಿರಬೇಕು ಅನ್ನುವ ಪೂರ್ತಿ ಹೊಸ ವಿವರಣೆಯನ್ನು, ಸ್ಪೇಸ್ ಮತ್ತು ಚುಕ್ಕಿ ಸಮೇತ, ಹಾಗೇ ಅಂಟಿಸಲು ಆಗುವಂತೆ ಬರೆದು ಕಳಿಸಿ.